ಜನರ ಗುಂಪಿನಿಂದ ಆಚೆಗೆ



ಕಿವಿ ಕೇಳದ, ಮಾತು ತೊದಲುವ ಒಬ್ಬನನ್ನು ಜನರು ಯೇಸುಸ್ವಾಮಿಯ ಬಳಿಗೆ ಕರೆತಂದರು. ಸ್ವಾಮಿ ಅವನನ್ನು ಎಲ್ಲರೆದುರು ಮಾತನಾಡಿಸಿ ನೋಡಲಿಲ್ಲ. ಗುಂಪಿನಿಂದ ಆಚೆಗೆ ಕರೆದೊಯ್ದು, ಅವನ ಕಿವಿಯನ್ನೂ ನಾಲಿಗೆಯನ್ನೂ ಮುಟ್ಟಿದರು (ಮಾರ್ಕ 7).

ಬೈರಾಪಟ್ಟಣದಂಥ ನಮ್ಮ ಊರುಗಳಲ್ಲಿ ನಾಲ್ಕನೇ ತರಗತಿಯ ಮಗು ಒತ್ತಕ್ಷರಕ್ಕೆ ತಡವರಿಸಿದರೆ ಮೊದಲು ಬರುವ ಮಾತು 'ಸೋಮಾರಿ'. ಮುಂದಿನದು ಬೆನ್ನ ಮೇಲೆ ಬೀಳುತ್ತದೆ. ಅದೇ ಮಗು ಜಪಸರದ ಪ್ರಾರ್ಥನೆಗಳನ್ನು ಬರೀ ಕೇಳಿಯೇ ತಪ್ಪಿಲ್ಲದೆ ಹೇಳುತ್ತದಲ್ಲ, ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ!

ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ತಾಯ್ತಂದೆಯರು ತಿಳಿಯಬೇಕು. ಇಂಗ್ಲಿಷಿಗೆ 26 ಅಕ್ಷರ. ನಮಗೆ ಕಾಗುಣಿತ, ಒತ್ತು ಸೇರಿ ನೂರಾರು. ಅವು ಕೈವಶವಾಗುವ ಕೆಲಸ ನಾಲ್ಕನೇ ತರಗತಿಯಲ್ಲೂ ನಡೆದೇ ಇರುತ್ತದೆ. ನಿಧಾನವೆಲ್ಲ ದೋಷವಲ್ಲ.

ಕೆಲವರಿಗೆ ಆಮೇಲೂ ಅಕ್ಷರ ಒಲಿಯುವುದಿಲ್ಲ. ಅದು ಡಿಸ್ಲೆಕ್ಸಿಯಾ ಇರಬಹುದು. ಅಕ್ಷರಕ್ಕೂ ಧ್ವನಿಗೂ ನಂಟು ಬೆಸೆಯುವುದು ಅವರಿಗೆ ಕಷ್ಟ, ಬುದ್ಧಿಗೆ ಕೊರತೆಯಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ನ್ಯೂನತೆಗಳಲ್ಲಿ ಇದೂ ಒಂದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪರೀಕ್ಷಿಸುತ್ತಾರೆ. ಪ್ರಮಾಣಪತ್ರವಿದ್ದರೆ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಬಹುದು. ಹರಕೆ ಹೊತ್ತು ಕೂರುವ ತಾಯಂದಿರೇ, ಹರಕೆಯೂ ಇರಲಿ, ಬೆಂಗಳೂರಿನ ಬಸ್ಸನ್ನೂ ಹತ್ತಿ.

ಜ್ಞಾನೋಪದೇಶ ಕಲಿಸುವವರಿಗೂ ಒಂದು ಮಾತು. ಬರುವ ಭಾನುವಾರ ಅಂಥ ಮಗುವನ್ನು ಎಬ್ಬಿಸಿ ನಿಲ್ಲಿಸಿ ಓದಿಸಬೇಡಿ. ತರಗತಿ ಮುಗಿದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ನೀವು ಓದಿ. ಅದು ಸಾಲಿನ ಮೇಲೆ ಬೆರಳಿಟ್ಟು ಹಿಂಬಾಲಿಸಲಿ.