ನಾಲ್ಕನೆಯ ಪಾದ

ವೈದ್ಯ, ದ್ರವ್ಯ, ರೋಗಿ, ಉಪಸ್ಥಾತೃ ಎಂಬ ನಾಲ್ಕು ಪಾದಗಳ ಮೇಲೆ ಚಿಕಿತ್ಸೆ ನಿಲ್ಲತಕ್ಕದ್ದೆಂದು ಚರಕಸಂಹಿತೆಯ ಸೂತ್ರಸ್ಥಾನವು ವಿಧಿಸುತ್ತದೆ. ಬಳಿಯಲ್ಲಿ ನಿಂತು ಒದಗುವ ಪರಿಚಾರಕನೇ ಉಪಸ್ಥಾತೃ. ಉಪಚಾರದ ಅರಿವು, ದಕ್ಷತೆ, ಅನುರಾಗ, ಶೌಚ ಇವು ಅವನಲ್ಲಿರಬೇಕಾದ ಗುಣಗಳು. ಈ ಪರಿಚಾರಕನ ಕೆಲಸವನ್ನು ದ್ರವ್ಯವೇ, ಎಂದರೆ ಉಪಕರಣವೇ, ವಹಿಸಿಕೊಂಡರೆ ನಾಲ್ಕು ಪಾದಗಳು ಉಳಿದಂತಾದೀತೆ, ಇಲ್ಲವೆ ಒಂದು ಮುರಿದಂತಾದೀತೆ ಎಂಬ ಜಿಜ್ಞಾಸೆಗೆ ಇಂದಿನ ಪಿತ್ತಕೋಶದ ಶಸ್ತ್ರಚಿಕಿತ್ಸೆಯು ಎಡೆಗೊಟ್ಟಿದೆ.

1882ರಲ್ಲಿ ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್ ಉದರವನ್ನು ತೆರೆದು ಪಿತ್ತಕೋಶವನ್ನು ತೆಗೆದರು. 1985ರಲ್ಲಿ ಜರ್ಮನಿಯ ಬೋಬ್ಲಿಂಗೆನ್ನಿನಲ್ಲಿ ಎರಿಕ್ ಮ್ಯೂಹೆ ಅದನ್ನೇ ಕಿರುರಂಧ್ರಗಳ ಮೂಲಕ ಸಾಧಿಸಿದರು. ಹೊಟ್ಟೆಯನ್ನು ಅನಿಲದಿಂದ ಉಬ್ಬಿಸಿ, ಒಳಗೆ ಕ್ಯಾಮೆರಾ ಇಳಿಸಿ, ಪರದೆಯನ್ನು ನೋಡುತ್ತ ಮಾಡುವ ಈ ಲ್ಯಾಪರೋಸ್ಕೋಪಿಯಲ್ಲೊಂದು ವಿಚಿತ್ರವುಂಟು: ಕೈ ಶಸ್ತ್ರವೈದ್ಯರದು, ಅವರ ಕಣ್ಣು ಮಾತ್ರ ಸಹಾಯಕನ ಮುಷ್ಟಿಯಲ್ಲಿರುವುದು. ಸಹಾಯಕನಿಗೆ ದಣಿವಾದರೆ ಚಿತ್ರ ಅದುರುತ್ತದೆ, ಮನಸ್ಸು ಬೇರೆಡೆ ಹರಿದರೆ ದಿಗಂತವೇ ವಾಲುತ್ತದೆ. ಆದಕಾರಣ, ಶಸ್ತ್ರವೈದ್ಯರ ಆಜ್ಞೆಗೆ ಚಲಿಸುವ ‘ಈಸಾಪ್’ ಎಂಬ ಯಂತ್ರಬಾಹುವಿಗೆ 1994ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತ ಮೇಲೆ, ಸಹಾಯಕನಿಲ್ಲದೆ ಒಬ್ಬರೇ ಈ ಕರ್ಮವನ್ನು ನಡೆಸುವುದು ಸಾಧ್ಯವಾಯಿತು. ಯಂತ್ರವು ದಣಿಯದು, ನಡುಗದು. ದಕ್ಷತೆಯಲ್ಲಿಯೂ ಶೌಚದಲ್ಲಿಯೂ ಅದನ್ನು ಹಳಿಯಲು ನನಗೆ ಕಾರಣ ಕಾಣದು.

ಆದರೆ ಈ ಶಸ್ತ್ರಕರ್ಮದ ಮಹಾವಿಪತ್ತು ಕೈಯಿಂದ ಒದಗುವುದು ವಿರಳ. ಪಿತ್ತಕೋಶದ ಕಿರುನಾಳವೆಂದು ಭಾವಿಸಿ, ಯಕೃತ್ತಿನಿಂದ ಕರುಳಿಗೆ ಪಿತ್ತವನ್ನೊಯ್ಯುವ ಮುಖ್ಯನಾಳವನ್ನೇ ಕತ್ತರಿಸಿಬಿಡುವುದು ಆ ವಿಪತ್ತು. ಅದಕ್ಕೀಡಾದ ರೋಗಿಯು ಅನೇಕ ವೇಳೆ ವರ್ಷಗಟ್ಟಲೆ ನರಳುವನು. 2003ರಲ್ಲಿ ಲಾರೆನ್ಸ್ ವೇ ಮತ್ತು ಅವರ ಸಂಗಡಿಗರು ಇಂತಹ 252 ಪ್ರಸಂಗಗಳನ್ನು ಶೋಧಿಸಿ, ಬಹುಪಾಲು ಅನರ್ಥಕ್ಕೆ ದೃಷ್ಟಿಭ್ರಮೆಯೇ ಮೂಲವೆಂದು ಕಂಡುಕೊಂಡರು. ಹಗ್ಗದಲ್ಲಿ ಹಾವು ತೋರುವುದನ್ನು ವೇದಾಂತಿಗಳು ಅಧ್ಯಾಸವೆನ್ನುವರಷ್ಟೆ. ಅದು ಅಕುಶಲನಿಗೆ ಮಾತ್ರ ಬರುವ ವ್ಯಾಧಿಯಲ್ಲ, ಮತ್ತು ಭ್ರಾಂತಿಯಿರುವಷ್ಟು ಕಾಲವೂ ಭ್ರಾಂತನಿಗೆ ಅದು ಸತ್ಯವೇ ಆಗಿರುವುದು. ಆಜ್ಞಾಧಾರಕವಾದ ಬಾಹುವು ಭ್ರಮಿಸಿದ ಕಣ್ಣು ಬಯಸಿದ ಕಡೆಗೇ ಕ್ಯಾಮೆರಾವನ್ನು ತಿರುಗಿಸುತ್ತದೆ. ಒಡೆಯನಿಗೆ ಎದುರಾಡುವ ಶಕ್ತಿ ಅದಕ್ಕಿಲ್ಲ.

ಶ್ರೌತಯಜ್ಞದಲ್ಲಿ ಹೋತೃ, ಅಧ್ವರ್ಯು, ಉದ್ಗಾತೃಗಳಲ್ಲದೆ ಬ್ರಹ್ಮನೆಂಬ ಋತ್ವಿಜನೊಬ್ಬನಿರುತ್ತಾನೆ. ಅವನು ದಕ್ಷಿಣದಲ್ಲಿ ಕುಳಿತು ಬಹುಮಟ್ಟಿಗೆ ಮೌನದಿಂದಲೇ ಎಲ್ಲವನ್ನೂ ಅವಲೋಕಿಸುತ್ತ, ಕರ್ಮದಲ್ಲಿ ಲೋಪವುಂಟಾದೊಡನೆ ಪ್ರಾಯಶ್ಚಿತ್ತದಿಂದ ಅದನ್ನು ಸರಿಪಡಿಸತಕ್ಕವನು. ಹವಿಸ್ಸನ್ನು ಅರ್ಪಿಸುವ ಕೈ ತನ್ನ ಲೋಪವನ್ನು ತಾನೇ ಕಾಣಲಾರದೆಂಬ ತಿಳಿವಳಿಕೆ ಆ ವ್ಯವಸ್ಥೆಯ ಹಿಂದಿದೆ. ಶಸ್ತ್ರಾಗಾರದ ಸಹಾಯಕನ ನಿಜವಾದ ಸ್ಥಾನವೂ ಇದೇ ಎಂದು ನಾನು ನಂಬಿದ್ದೇನೆ. ಅನುರಾಗವನ್ನು ಚರಕನು ಪರಿಚಾರಕನಿಗೆ ವಿಧಿಸಿದ್ದರ ಸಾರ್ಥಕ್ಯವೂ ಇಲ್ಲಿಯೇ ಇದೆ, ಏಕೆಂದರೆ ಪ್ರೀತಿಯುಳ್ಳವನು ಮಾತ್ರ ಹಿರಿಯನ ಅಸಮಾಧಾನವನ್ನು ಲೆಕ್ಕಿಸದೆ ‘ತಡೆಯಿರಿ’ ಎಂದಾನು.

ಹಾಗೆನ್ನುವವರು ಎಷ್ಟು ಮಂದಿ? ಒಂದೇ ಪರದೆಯನ್ನು ನೋಡುವ ಇಬ್ಬರೂ ಒಂದೇ ಭ್ರಮೆಗೆ ಬೀಳಬಹುದು. ಗುರುವಿನ ಮುಂದೆ ಬಾಯಿ ಬಿಡಲಂಜುವ ಎಳೆಯ ವೈದ್ಯನು ದೇಹದಿಂದ ಅಲ್ಲಿದ್ದೂ ಸಾಕ್ಷಿಯಾಗಿ ಇಲ್ಲದವನೇ ಸರಿ. ಮನುಷ್ಯನಿದ್ದ ಮಾತ್ರಕ್ಕೆ ನಾಲ್ಕನೆಯ ಪಾದವಿದೆಯೆಂದು ಹೇಳಲಾಗದು. ಹಾಗೆಂದು ಮನುಷ್ಯನನ್ನು ಬಿಡಲೂ ಆಗದು: 2001ರಲ್ಲಿ ಶಸ್ತ್ರವೈದ್ಯ ಜಾಕ್ ಮಾರೆಸ್ಕೋ ನ್ಯೂಯಾರ್ಕಿನಲ್ಲಿ ಕುಳಿತು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಮಲಗಿದ್ದ ಮಹಿಳೆಯ ಪಿತ್ತಕೋಶವನ್ನು ಯಂತ್ರದ ಮೂಲಕ ತೆಗೆದಾಗಲೂ ಆಕೆಯ ಪಕ್ಕದಲ್ಲಿ ವೈದ್ಯರು ನಿಂತಿದ್ದರು. ಕ್ಯಾಮೆರಾ ಹಿಡಿಯುವ ದುಡಿಮೆಯನ್ನು ಬಾಹುವಿಗೆ ಸಂತೋಷವಾಗಿ ಒಪ್ಪಿಸೋಣ. ಆದರೆ ನಾಳಕ್ಕೆ ಕ್ಲಿಪ್ ಹಾಕುವ ಮುನ್ನ ಕೈ ನಿಲ್ಲಿಸಿ, ಪಿತ್ತಕೋಶವನ್ನು ಸೇರುವ ರಚನೆಗಳು ಎರಡೇ ಹೌದೆ ಎಂದು ಇನ್ನೊಬ್ಬರನ್ನು ಕೇಳುವುದನ್ನೂ, ಅವರು ಅಲ್ಲವೆಂದರೆ ಮುಂದುವರಿಯದಿರುವುದನ್ನೂ ಪ್ರತಿಯೊಂದು ಆಸ್ಪತ್ರೆಯೂ ನಿಯಮವಾಗಿ ಪಾಲಿಸಬೇಕು. ಆ ಇನ್ನೊಬ್ಬರು ಆ ಕೋಣೆಯಲ್ಲಿ ಎಲ್ಲರಿಗಿಂತ ಕಿರಿಯರಾಗಿದ್ದರೂ ಸರಿಯೆ.