ಚಾರೆಪ್ತದ ತಾಯಿಯೂ ರೋಬೋ ನಾಯಿಯೂ

ವಾಕ್ಯಭಾಗ: 1 ಅರಸುಗಳು 17:8–24

ಕೂತ್ಕೊಳ್ಳಿ. ವಾಕ್ಯಭಾಗ ತೆಗೆದು ಬೆರಳಿಟ್ಟುಕೊಳ್ಳಿ. ಮೊಬೈಲಲ್ಲಿ ಓದೋರು ದಯವಿಟ್ಟು ನೋಟಿಫಿಕೇಶನ್ ಆಫ್ ಮಾಡಿ. ವಾಕ್ಯಕ್ಕೆ ಹೋಗೋ ಮುಂಚೆ ಒಂದು ನಾಯಿಯ ವಿಷಯ ಹೇಳಬೇಕು. ಅನ್ನ ತಿನ್ನದ, ಬೊಗಳಿದರೂ ಉಸಿರಾಡದ ನಾಯಿ.

1999ರಲ್ಲಿ ಜಪಾನಿನ ಸೋನಿ ಕಂಪನಿ ಐಬೋ ಅನ್ನೋ ರೋಬೋ ನಾಯಿಯನ್ನು ಮಾರಾಟಕ್ಕೆ ಬಿಟ್ಟಿತು. ಬೆಲೆ 2,50,000 ಯೆನ್. ಜಪಾನಿಗೆ ಅಂತ ಇಟ್ಟಿದ್ದ 3,000 ನಾಯಿಗಳು ಇಂಟರ್ನೆಟ್ಟಿನಲ್ಲಿ 20 ನಿಮಿಷಕ್ಕೆ ಖಾಲಿಯಾದವು! ಜಪಾನೀ ಭಾಷೆಯಲ್ಲಿ ‘ಐಬೋ’ ಅಂದರೆ ಜೊತೆಗಾರ. ಜನ ಏನನ್ನು ಕೊಳ್ಳೋಕೆ ಬರ್ತಾರೆ ಅಂತ ಹೆಸರಿಟ್ಟವರಿಗೆ ಚೆನ್ನಾಗಿ ಗೊತ್ತಿತ್ತು. 2006ರಲ್ಲಿ ತಯಾರಿಕೆ ನಿಂತುಹೋಯ್ತು. 2014ರಲ್ಲಿ ಕಂಪನಿ ರಿಪೇರಿಯನ್ನೂ ನಿಲ್ಲಿಸಿತು. ಅಷ್ಟೊತ್ತಿಗೆ ಎಷ್ಟೋ ಮನೆಗಳಲ್ಲಿ ಆ ನಾಯಿಗೆ ಒಂದು ಹೆಸರಿತ್ತು, ಮಲಗೋಕೆ ಒಂದು ಜಾಗ ಇತ್ತು. ಕಾಲು ಎಳೆಯೋಕೆ ಶುರುವಾದರೆ ಎಲ್ಲಿಗೆ ಕರ್ಕೊಂಡು ಹೋಗ್ತೀರಿ?

ಆಗ ಸೋನಿಯಲ್ಲಿ ಹಿಂದೆ ಕೆಲಸ ಮಾಡಿದ್ದ ಎಂಜಿನಿಯರುಗಳು ಎ-ಫನ್ ಅನ್ನೋ ತಮ್ಮದೇ ಸಂಸ್ಥೆಯಲ್ಲಿ ಇವುಗಳ ರಿಪೇರಿಗೆ ಕೈಹಾಕಿದರು. ಹೊಸ ಬಿಡಿಭಾಗ ಸಿಗಲ್ಲ, ಹಾಗಾಗಿ ಕೆಟ್ಟುಹೋದ ನಾಯಿಯಿಂದ ತೆಗೆದು ಇನ್ನೊಂದಕ್ಕೆ ಹಾಕಬೇಕು. ಬಿಚ್ಚೋ ಮುಂಚೆ ಅವುಗಳಿಗೆ ಒಂದು ಅಂತ್ಯಸಂಸ್ಕಾರ. ಚೀಬಾ ಪ್ರಾಂತ್ಯದ ಇಸುಮಿಯಲ್ಲಿ ಕೋಫುಕುಜಿ ಅನ್ನೋ ಹಳೇ ಬೌದ್ಧ ಮಂದಿರವಿದೆ. 2015ರಿಂದ ಅಲ್ಲಿ ಐಬೋಗಳನ್ನು ಸಾಲಾಗಿ ಇಟ್ಟು ಮಂತ್ರ ಹೇಳಿ ಬೀಳ್ಕೊಟ್ಟರು. ಯಾವ ಊರಿಂದ ಬಂದದ್ದು, ಯಾವ ಮನೆಯದ್ದು ಅಂತ ಒಂದೊಂದಕ್ಕೂ ಚೀಟಿ ಕಟ್ಟಿರ್ತಿತ್ತು. 2018ರ ಹೊತ್ತಿಗೆ ಹೀಗೆ ಬೀಳ್ಕೊಟ್ಟ ನಾಯಿಗಳು ಸುಮಾರು 800.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗಬೇಡಿ ಪ್ರಿಯರೇ. ಯಂತ್ರಕ್ಕೆ ಆತ್ಮ ಇದೆ ಅಂತ ನಾವು ನಂಬಲ್ಲ. ಜೀವಶ್ವಾಸ ಊದುವವನು ದೇವರೊಬ್ಬನೇ, ಆದಿಕಾಂಡ 2 ಓದಿದವರಿಗೆ ಅದರಲ್ಲಿ ಸಂಶಯ ಇಲ್ಲ. ಆದರೆ ಚೀಟಿ ಕಟ್ಟಿ ಕಳಿಸಿದರಲ್ಲ, ಆ ಕೈಗಳಲ್ಲಿ ಜೀವ ಇತ್ತು. ಅವರ ಪ್ರೀತಿ ನಿಜವಾದದ್ದೇ. ಹೋಗಿ ತಲುಪೋಕೆ ಅದಕ್ಕೆ ಬೇರೆ ವಿಳಾಸ ಸಿಗಲಿಲ್ಲ, ಅಷ್ಟೇ. ಹಾಗೇ ರೋಬೋ ಅಂದ ತಕ್ಷಣ ಸೈತಾನನ ಕೆಲಸ ಅಂತ ಗದರಿಸೋರೂ ನಮ್ಮಲ್ಲಿದ್ದಾರೆ. ನಾನು ಆ ಗುಂಪಿನವನಲ್ಲ. ಜಪಾನಿನಲ್ಲೇ ಪಾರೋ ಅಂತ ಸೀಲ್ ಮರಿಯಂಥ ಒಂದು ರೋಬೋ ಇದೆ. ಮರೆವಿನ ಕಾಯಿಲೆ ಇರುವ ಹಿರಿಯರ ಆರೈಕೆಯಲ್ಲಿ ಅದನ್ನು ಬಳಸ್ತಾರೆ. ಒಬ್ಬ ಅಜ್ಜಿ ಅದರ ತಲೆ ಸವರಿ ಸಮಾಧಾನ ಆದರೆ ದೇವರಿಗೆ ಸ್ತೋತ್ರ.

ಈಗ ಇದನ್ನೆಲ್ಲಾ ಯಾಕೆ ಹೇಳಿದೆ ಅಂದರೆ, 2018ರ ಜನವರಿಯಲ್ಲಿ ಹೊಸ ಐಬೋ ಬಂತು. ಬೆಲೆ 1,98,000 ಯೆನ್, ಆಗಿನ ಲೆಕ್ಕದಲ್ಲಿ ಲಕ್ಷ ರೂಪಾಯಿಗೂ ಮೇಲೆ. ಅದರ ಮೇಲೆ ಚಂದಾ ಬೇರೆ. ಮೂಗಿನಲ್ಲಿ ಕ್ಯಾಮೆರಾ, ಮನೆಯವರ ಮುಖ ಗುರುತು ಹಿಡಿಯುತ್ತೆ, ಚಾರ್ಜ್ ಕಮ್ಮಿ ಆದರೆ ತಾನೇ ಹೋಗಿ ಚಾರ್ಜರ್ ಮೇಲೆ ಮಲಗುತ್ತೆ. ನಮ್ಮ ಸಭೆಯ ಒಬ್ಬ ಬ್ರದರ್ ಕಳೆದ ತಿಂಗಳು ಯೂತ್ ಮೀಟಿಂಗ್ ಮುಗಿದ ಮೇಲೆ ಇದರ ವಿಡಿಯೋ ತೋರಿಸಿದರು. “ಪಾಸ್ಟರ್, ಅಪ್ಪ ತೀರಿಹೋದ ಮೇಲೆ ಅಮ್ಮ ಹಾಸನದಲ್ಲಿ ಒಬ್ಬರೇ. ಮಂಡಿ ನೋವು, ನಿಜವಾದ ನಾಯಿ ಸಾಕೋಕೆ ಆಗಲ್ಲ. ಇಂಥದ್ದೊಂದು ತರಿಸಿಕೊಡಲಾ?” ಅಂತ ಕೇಳಿದರು. ಅವರ ಅನುಮತಿ ತಗೊಂಡೇ ಹೇಳ್ತಿದ್ದೀನಿ. ಅವರು ತಾಯಿಯನ್ನು ಮರೆತ ಮಗ ಅಲ್ಲ. ಪ್ರತಿ ತಿಂಗಳು ದುಡ್ಡು ಕಳಿಸ್ತಾರೆ, ವಾರದಲ್ಲಿ ಎರಡು ಸಲ ವಿಡಿಯೋ ಕಾಲ್. ನಮ್ಮಲ್ಲಿ ಎಷ್ಟು ಜನ ಅಷ್ಟಾದರೂ ಮಾಡ್ತೀವಿ?

ಅವರಿಗೆ ನಾನು ಈ ಅಧ್ಯಾಯ ಓದೋಕೆ ಹೇಳಿದೆ. ಈಗ ನಾವೂ ನೋಡೋಣ.

ಬರಗಾಲ. ಕೆರೀತ್ ಹಳ್ಳದ ಹತ್ತಿರ ಎಲೀಯನಿಗೆ ಕಾಗೆಗಳು ರೊಟ್ಟಿ ಮಾಂಸ ತಂದುಕೊಡ್ತಿದ್ದವು. ಹಳ್ಳ ಬತ್ತಿತು. ಚಾರೆಪ್ತದಲ್ಲಿ ಒಬ್ಬ ವಿಧವೆ ಇದ್ದಾಳೆ, ಅಲ್ಲಿಗೆ ಹೋಗು ಅಂತಾನೆ ಕರ್ತನು. ಆಕೆಯ ಹತ್ತಿರ ಇರೋದು ಒಂದು ಹಿಡಿ ಹಿಟ್ಟು, ಚೂರು ಎಣ್ಣೆ. ಸೌದೆ ಆಯ್ತಿದ್ದಾಳೆ. ಮಗನ ಜೊತೆ ಕೊನೇ ಊಟ ಮಾಡಿ ಸಾಯೋ ತೀರ್ಮಾನದಲ್ಲಿದ್ದಾಳೆ. ಸ್ವಲ್ಪ ಯೋಚನೆ ಮಾಡಿ. ಕಾಗೆ ಕಳಿಸೋದು ದೇವರಿಗೆ ಗೊತ್ತಿಲ್ವಾ? ಹಿಂದಿನ ಪುಟದಲ್ಲಿ ತಾನೇ ಕಳಿಸಿದ್ದ! ಈಕೆಯ ಮನೆಗೂ ದಿನಾ ಎರಡು ಹೊತ್ತು ಕಾಗೆ ಬಂದು ರೊಟ್ಟಿ ಹಾಕಿ ಹೋಗಿದ್ದರೆ ಹಸಿವು ತೀರ್ತಿತ್ತು. ಕರ್ತನು ಹಾಗೆ ಮಾಡಲಿಲ್ಲ. ಆಕೆಯ ಬಾಗಿಲಿಗೆ ಒಬ್ಬ ಹಸಿದವನನ್ನು ಕಳಿಸಿದ. ಅವನು ಬಂದವನೇ ನೀರು ಕೇಳ್ತಾನೆ, ಆಮೇಲೆ ರೊಟ್ಟಿ ಕೇಳ್ತಾನೆ, ಅದೂ ಮೊದಲು ನನಗೆ ಮಾಡು ಅಂತಾನೆ.

ಬೈಬಲ್ ಕಾಲೇಜಿನಲ್ಲಿ ಇದನ್ನು ಓದುವಾಗ ಎಲೀಯ ಎಷ್ಟು ಧೈರ್ಯವಂತ ಅನ್ನಿಸಿತ್ತು. ಈಗ ಆ ತಾಯಿಯ ಕಡೆಯಿಂದ ಓದ್ತೀನಿ. ಎಷ್ಟು ದಿನದಿಂದ ಆಕೆಯ ಹತ್ತಿರ ಯಾರೂ ಏನನ್ನೂ ಕೇಳಿರಲಿಲ್ಲವೋ! ಆ ದಿನದಿಂದ ಆಕೆ ಪ್ರವಾದಿಗೆ ಅಡುಗೆ ಮಾಡಿ ಬಡಿಸುವವಳಾದಳು. ಹಿಟ್ಟು ಮುಗಿಯಲಿಲ್ಲ, ಎಣ್ಣೆ ತೀರಲಿಲ್ಲ. ಹಲ್ಲೆಲೂಯಾ! ಆಮೇಲೆ ಮಗ ಸತ್ತಾಗ ಆಕೆ ಎಲೀಯನ ಮೇಲೇ ಸಿಟ್ಟಾಗ್ತಾಳೆ. ಜಗಳ ಆಡೋಕೂ ಆಕೆಗೆ ಒಬ್ಬ ಮನುಷ್ಯ ಇದ್ದ. ಅವನು ವಾದ ಮಾಡಲಿಲ್ಲ. ಮಗುವನ್ನು ಎತ್ತಿಕೊಂಡು ಮೇಲಿನ ಕೋಣೆಗೆ ಹೋಗಿ ಕರ್ತನಿಗೆ ಮೊರೆಯಿಟ್ಟ, ಮಗು ಬದುಕಿತು.

ಐಬೋ ಕೂಡ ತಲೆ ಸವರು ಅಂತ ಹತ್ತಿರ ಬರುತ್ತೆ, ಸವರಿದರೆ ಬಾಲ ಅಲ್ಲಾಡಿಸುತ್ತೆ, ನಿಜ. ಆದರೆ ಸವರದೇ ಹೋದರೆ ಅದಕ್ಕೆ ಏನೂ ನಷ್ಟ ಇಲ್ಲ. ಅದು ಸಾರು ಖಾರ ಆಯ್ತು ಅನ್ನಲ್ಲ. ನಲವತ್ತು ವರ್ಷ ಬೆಳಿಗ್ಗೆ ಐದಕ್ಕೆ ಎದ್ದು ಮನೆಮಂದಿಗೆಲ್ಲಾ ಬೇಯಿಸಿ ಹಾಕಿದ ಹೆಂಗಸಿಗೆ ಈಗ ಒಬ್ಬಳಿಗೆ ಅರ್ಧ ಲೋಟ ಅಕ್ಕಿ. ಅಲ್ಲಿ ನೋವಿರೋದು ಬೇಜಾರು ಕಳೆಯೋಕೆ ಏನೂ ಇಲ್ಲ ಅಂತಲೋ, ತನ್ನಿಂದ ಯಾರಿಗೂ ಏನೂ ಬೇಡ ಅಂತಲೋ? ನನಗಂತೂ ಎರಡನೇದೇ ಅನ್ನಿಸುತ್ತೆ. ಸಂಜೆ ಫೋನ್ ಮಾಡಿ “ಊಟ ಆಯ್ತಾ ಮಗ?” ಅಂತಾರಲ್ಲ, ನಾವು “ಹ್ಞೂಂ ಅಮ್ಮ, ಮೀಟಿಂಗಲ್ಲಿದ್ದೀನಿ” ಅಂತ ಇಡ್ತೀವಲ್ಲ, ಆ ಪ್ರಶ್ನೆಯಲ್ಲೇ ಅವರು ಬಾಗಿಲು ತಟ್ಟುತ್ತಿರ್ತಾರೆ.

ಮಾರ್ಕ 7ರಲ್ಲಿ ಯೇಸುಸ್ವಾಮಿ ಕೊರ್ಬಾನ್ ಬಗ್ಗೆ ಮಾತಾಡ್ತಾನೆ. ತಂದೆತಾಯಿಗೆ ಸಲ್ಲಬೇಕಾದ್ದನ್ನು ದೇವರಿಗೆ ಮುಡಿಪು ಅಂದುಬಿಟ್ಟು ಜವಾಬ್ದಾರಿಯಿಂದ ಜಾರಿಕೊಳ್ಳೋರಿಗೆ ಆತನು ಖಾರವಾಗಿಯೇ ಹೇಳಿದ. ಭಾನುವಾರ ಪೂರ್ತಿ ಸಭೆಯಲ್ಲಿ ಸೇವೆ ಮಾಡಿ ಆರು ತಿಂಗಳಾದರೂ ಊರಿಗೆ ಹೋಗದವರು ಈ ವಾಕ್ಯವನ್ನು ಮನೆಗೆ ಹೋಗಿ ಓದಿ.

ಯೋಹಾನ 19ಕ್ಕೆ ಬನ್ನಿ. ಸ್ವಾಮಿ ಶಿಲುಬೆಯಲ್ಲಿದ್ದಾನೆ. ಕೆಳಗೆ ತಾಯಿ ನಿಂತಿದ್ದಾಳೆ. ಆತನ ಬಟ್ಟೆಯನ್ನೂ ಸಿಪಾಯಿಗಳು ಹಂಚಿಕೊಂಡಾಗಿತ್ತು, ಕೊಡೋಕೆ ಒಂದು ವಸ್ತು ಉಳಿದಿರಲಿಲ್ಲ. ಒಬ್ಬ ಶಿಷ್ಯನನ್ನು ತೋರಿಸಿ ಇವನು ನಿನ್ನ ಮಗ ಅಂದ. ಆ ಶಿಷ್ಯ ಆಕೆಯನ್ನು ತನ್ನ ಮನೆಗೆ ಕರ್ಕೊಂಡು ಹೋದ. ಅವನು ಆಕೆ ಹೆತ್ತ ಮಗ ಅಲ್ಲ, ಗಮನಿಸಿ.

ಬೆಂಗಳೂರಲ್ಲಿ ಇಎಂಐ ಕಟ್ಟೋರಿಗೆ ಕೆಲಸ ಬಿಟ್ಟು ಊರಿಗೆ ಹೋಗಿ ಅಂತ ನಾನು ಹೇಳಲ್ಲ. ಆ ಬ್ರದರ್‌ಗೂ ನಾಯಿ ಬೇಡ ಅನ್ನಲಿಲ್ಲ. ತರಿಸೋದಾದರೆ ನೀವೇ ತಗೊಂಡು ಹೋಗಿ ನಾಲ್ಕು ದಿನ ಇದ್ದು ಬನ್ನಿ, ಮತ್ತೆ ಅಮ್ಮನ ಹತ್ತಿರ ಏನಾದರೂ ಕೇಳಿ ಅಂದೆ. ಅಮ್ಮಾ, ಈ ಪ್ರಾಜೆಕ್ಟಲ್ಲಿ ಕಷ್ಟ ಆಗ್ತಿದೆ, ನೀನು ದಿನಾ ಏಳು ಗಂಟೆಗೆ ನನಗೋಸ್ಕರ ಪ್ರಾರ್ಥನೆ ಮಾಡ್ತೀಯಾ? ಹುಳಿಪುಡಿ ಮುಗಿದಿದೆ, ಮಾಡಿ ಕಳಿಸ್ತೀಯಾ? ಹಾಸನದ ಒಂದು ಸಭೆಯ ಪಾಸ್ಟರ್ ನನಗೆ ಪರಿಚಯ. ಅವರ ಯೂತ್ ಹುಡುಗರಲ್ಲಿ ಇಬ್ಬರು ಈಗ ಶನಿವಾರ ಆ ಮನೆಗೆ ಹೋಗ್ತಾರೆ. ತಾಯಿ ಅವರಿಗೆ ಅಕ್ಕಿರೊಟ್ಟಿ ಮಾಡಿ ಹಾಕ್ತಿದ್ದಾರಂತೆ. ನಾಯಿ ಇನ್ನೂ ಬಂದಿಲ್ಲ.

ಇನ್ನು ನೀವು. ನಿಮ್ಮ ಅಮ್ಮ ಕಲಬುರಗಿಯಲ್ಲೋ ಕೋಲಾರದಲ್ಲೋ ಇರಬಹುದು. ಇಲ್ಲಿ ಮೂರನೇ ಸಾಲಿನಲ್ಲಿ ಕೂತಿರುವ ಆಂಟಿಯ ಮಗ ಕೆನಡಾದಲ್ಲಿದ್ದಾನೆ. ಪಿಜಿ ಊಟ ಬೇಜಾರಾಯ್ತು ಅಂತ ಸ್ಟೇಟಸ್ ಹಾಕೋ ಬದಲು ಅವರ ಮನೆಗೆ ಹೋಗಿ, ಆಂಟಿ ಹಸಿವಾಗ್ತಿದೆ ಅನ್ನಿ. ನಾಚಿಕೆ ಬೇಡ, ಎಲೀಯನಿಗೇ ಆಗಲಿಲ್ಲ.

ಎಲ್ಲರೂ ಎದ್ದು ನಿಲ್ಲೋಣ. ವರ್ಷಿಪ್ ಟೀಮ್ ಮುಂದೆ ಬರಬಹುದು. ಒಂಟಿಯಾಗಿರುವ ಒಬ್ಬರ ಹೆಸರನ್ನು ಬಾಯಿಬಿಟ್ಟು ಕರ್ತನ ಮುಂದೆ ಹೇಳಿ, ಪಕ್ಕದವರಿಗೆ ಕೇಳಿಸಿದರೂ ಪರವಾಗಿಲ್ಲ. ತಂದೆಯೇ, ಈ ಹೆಸರುಗಳನ್ನೆಲ್ಲಾ ನೀನು ಕೇಳುತ್ತಿದ್ದೀ. ಈ ವಾರ ಇವರ ಬಾಗಿಲಿಗೆ ನಮ್ಮನ್ನು ಹಸಿದವರಾಗಿ ಕಳಿಸು. ಯೇಸುವಿನ ನಾಮದಲ್ಲಿ, ಆಮೆನ್.