ಬೇಲಿಯೊಳಗಿನ ಗೂಡು

ಬಾರಿ (ಎಲಚಿ) ಗಿಡ ಕಡಿದು ಬೇಲಿ ಹಾಕುವುದು ನಮ್ಮ ಕಡೆ ಮಾಘದ ನಂತರದ ಕೆಲಸ. ನಮ್ಮೂರು ತುಬಚಿಯ ಹೊಲಗಳ ಒಡ್ಡಿನ ಮೇಲೆ ಯಾರೂ ನೆಡದೆ, ಯಾರೂ ನೀರು ಹಾಕದೆ ಬೆಳೆಯುವ ಗಿಡ ಅದು. ಹಣ್ಣು ಮುಗಿದವೋ, ಆಮೇಲೆ ಅದರ ಮುಳ್ಳಿಗಷ್ಟೇ ಬೆಲೆ. ಒಂದು ವರ್ಷ ಹಾಗೆ ಕಡಿದು ಎಳೆದು ತಂದ ಕೊಂಬೆಯಲ್ಲಿ ಕೋಳಿಮೊಟ್ಟೆಯಷ್ಟು ದೊಡ್ಡದೇನೋ ಜೋತಾಡುತ್ತಿತ್ತು. ಮಣ್ಣಿನ ಬಣ್ಣ, ಅಡಿಕೆಯಂಥ ಗಟ್ಟಿ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಏನೋ ಮೆಲ್ಲಗೆ ಬಡಿಯಿತು.

"ಇದೇನ ಕಾಕಾ?"

"ಹುಳದ ಗೂಡಪಾ. ಅಲ್ಲೇ ಇರಲಿ ಬಿಡು. ಮಳಿ ಬಿದ್ದ ಮ್ಯಾಲ ತಾನ ಹೊಂಟ ಹೋಗತೈತಿ."

ಹುಟ್ಟುತ್ತದೆ ಎನ್ನಲಿಲ್ಲ ಕಾಕಾ, ಹೊರಗೆ ಬರುತ್ತದೆ ಎಂದೂ ಅನ್ನಲಿಲ್ಲ. ಹೋಗುತ್ತದೆ ಎಂದ. ಆ ಒಂದು ಕ್ರಿಯಾಪದ ನನ್ನನ್ನು ಇಷ್ಟು ವರ್ಷ ಕಾಡುತ್ತದೆಂದು ಆಗ ಅನ್ನಿಸಿರಲಿಲ್ಲ.

ಅದು ಟಸ್ಸರ್ ರೇಷ್ಮೆಯ ಕಾಡುಪತಂಗದ ಗೂಡು. ಮತ್ತಿ ಮರ, ಬಾರಿ ಗಿಡ, ಇನ್ನೂ ಹಲವು ಗಿಡಗಳ ಎಲೆ ತಿಂದು ಬದುಕುವ ಹುಳು. 1773ರಲ್ಲಿ ಡ್ರೂರಿ ಎಂಬ ಇಂಗ್ಲಿಷ್ ಕೀಟಪ್ರಿಯ ಇದಕ್ಕೆ ಮೈಲಿಟ್ಟ ಎಂದು ಹೆಸರಿಟ್ಟ. ಅದು ಬ್ಯಾಬಿಲೋನಿನ ಕಡೆಯವರ ದೇವತೆಯ ಹೆಸರು. ಗ್ರೀಕರ ಹೆರೊಡೋಟಸ್ ಬರೆದಿಟ್ಟದ್ದರಿಂದ ನಮ್ಮವರೆಗೆ ಬಂದದ್ದು. ದೇವತೆಯ ಪೂಜೆ ನಿಂತಿದೆ, ಊರು ಮಣ್ಣುಗುಡ್ಡೆಯಾಗಿದೆ, ಹೆಸರು ಮಾತ್ರ ಹುಳುವಿನ ಬೆನ್ನೇರಿ ಜಮಖಂಡಿ ತಾಲ್ಲೂಕಿನ ಒಡ್ಡಿಗೆ ಬಂದು ಕೂತಿದೆ. ಇದರ ದಾಯಾದಿಗಳು ಓಕ್ ಮರ ತಿನ್ನುವವು. ಚೀನಾದಲ್ಲಿ, ಜಪಾನಿನಲ್ಲಿ, ನಮ್ಮದೇ ಮಣಿಪುರದ ಗುಡ್ಡಗಳಲ್ಲಿ ಅವುಗಳಿಂದಲೂ ರೇಷ್ಮೆ ತೆಗೆಯುತ್ತಾರೆ. ಓಕ್ ನಮ್ಮ ಎರಿ ಭೂಮಿ ಕಾಣದ ಮರ. ನಮ್ಮ ಹುಳುವಿಗೆ ಬಾರಿಯೇ ಸಾಕಾಯಿತು.

ಈ ಗೂಡಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಹಿಪ್ಪುನೇರಳೆ ತಿನ್ನುವ ಸಾಕಿದ ಹುಳು, ಗೂಡು ಕಟ್ಟಲೆಂದೇ ಇಟ್ಟ ಚಂದ್ರಿಕೆಯ ಮೇಲೆ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಗೂಡು ಕಟ್ಟುತ್ತದೆ. ಕಾಡಿನದಕ್ಕೆ ಆ ಭರವಸೆಯಿಲ್ಲ. ಅದು ಮೊದಲು ಕೊಂಬೆಯ ಸುತ್ತ ರೇಷ್ಮೆಯ ಉಂಗುರ ಬಿಗಿಯುತ್ತದೆ, ಉಂಗುರದಿಂದ ಒಂದು ತೊಟ್ಟು ಇಳಿಸುತ್ತದೆ, ಆ ತೊಟ್ಟಿಗೆ ಗೂಡನ್ನು ತೂಗುಹಾಕುತ್ತದೆ. ಎಲೆ ಉದುರಿದರೂ ಗೂಡು ಉದುರುವುದಿಲ್ಲ. ಕೊಂಬೆ ಕಡಿದರೂ ಬೀಳುವುದಿಲ್ಲ. ಅದಕ್ಕೇ ನಮ್ಮ ಬೇಲಿಯವರೆಗೆ ಬಂದದ್ದು. ಹಿಂದೆ ದಖ್ಖನಿನಲ್ಲಿ ಈ ಗೂಡನ್ನು ಸುರುಳಿಯಾಗಿ ಕತ್ತರಿಸಿ ಪಟ್ಟಿ ತೆಗೆದು, ಬತ್ತಿ ಹಚ್ಚಿ ಹಾರಿಸುವ ಬಂದೂಕಿನ ನಳಿಕೆಯನ್ನು ಮರದ ಹಿಡಿಗೆ ಕಟ್ಟುತ್ತಿದ್ದರು. ತೊಗಲಿಗಿಂತ ಅದು ಬಾಳಿಕೆ ಬರುತ್ತಿತ್ತಂತೆ. 1857ರಲ್ಲಿ ಆಯುಧ ಒಪ್ಪಿಸುವುದಿಲ್ಲವೆಂದು ಎದ್ದು ನಿಂತ ಹಲಗಲಿಯ ಬೇಡರು ನಮ್ಮ ನೆರೆಯವರೇ. ಅವರ ಒಂದಾದರೂ ಬಂದೂಕಿಗೆ ಬಾರಿಗಿಡದ ಹುಳು ನೂತ ಪಟ್ಟಿ ಇದ್ದಿರಬಹುದು ಎಂದು ನೆನೆಯುವುದು ನನಗಿಷ್ಟ. ಇದು ಬರೀ ನನ್ನ ಕಲ್ಪನೆ, ಚರಿತ್ರೆಯಲ್ಲ.

ಇಂಥ ಗಟ್ಟಿ ಮನೆ ಕಟ್ಟಿ, ಅದನ್ನು ಬಿಟ್ಟು ಹೋಗುವ ದ್ರವವನ್ನೂ ಅದರೊಳಗಿನ ಜೀವವೇ ತಯಾರಿಸಿಕೊಳ್ಳುತ್ತದೆ. ಹೊರಡುವ ಹೊತ್ತಿಗೆ ಪತಂಗ ಗೂಡಿನ ಒಂದು ತುದಿಗೆ ಜೊಲ್ಲಿನಂಥದ್ದನ್ನು ಸುರಿಸುತ್ತದೆ. ಎಳೆಗಳನ್ನು ಅಂಟಿಸಿದ ಗೋಂದು ಕರಗುತ್ತದೆ. ಎಳೆ ಹರಿಯುವುದಿಲ್ಲ; ಜನಜಂಗುಳಿಯಲ್ಲಿ ಹಿರಿಯರಿಗೆ ದಾರಿ ಬಿಟ್ಟ ಹಾಗೆ ಪಕ್ಕಕ್ಕೆ ಸರಿಯುತ್ತವೆ, ಅಷ್ಟೆ. ಬಂದೂಕು ತಾಳುವ ಗೋಡೆಗೆ ಒಂದೆರಡು ಹನಿ ಸಾಕು.

ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ತೆರಣಿಯ ಹುಳುವನ್ನು ನೆನೆದಿದ್ದಾಳೆ. ತಾನೇ ನೂತ ನೂಲಿನಲ್ಲಿ ತಾನೇ ಸುತ್ತಿಕೊಂಡು ಸಾಯುವ ಹುಳುವಿನಲ್ಲಿ ಅವಳು ಆಸೆಗೆ ಸಿಕ್ಕ ಮನಸ್ಸನ್ನು ಕಂಡಳು. ಅಕ್ಕನ ಎದುರು ವಾದಕ್ಕೆ ನಿಲ್ಲುವ ಧೈರ್ಯ ನನಗಿಲ್ಲ. ಆದರೂ ಹುಳುವಿನ ಪರವಾಗಿ ಒಂದು ಮಾತು. ನೂಲಿನಿಂದ ಅದು ಸಾಯುವುದಿಲ್ಲ. ನೂಲು ಬೇಕಾದವರು ಗೂಡನ್ನು ಬಿಸಿನೀರಿಗೆ ಹಾಕುತ್ತಾರೆ, ಅದಕ್ಕೆ ಸಾಯುತ್ತದೆ. ಯಾರೂ ಕೈ ಹಾಕದಿದ್ದರೆ ಕಟ್ಟಿಕೊಂಡದ್ದನ್ನು ಬಿಚ್ಚಿಕೊಂಡು ಹೋಗುವ ವಿದ್ಯೆ ಅದಕ್ಕೆ ಗೊತ್ತಿದೆ.

ಈ ಪತಂಗಕ್ಕೆ ಬಾಯಿಯೇ ಇಲ್ಲವೆನ್ನಬೇಕು. ಇರುವ ಗುರುತಿನಿಂದ ತಿನ್ನಲು ಬಾರದು. ರೆಕ್ಕೆ ಬಂದ ಮೇಲೆ ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಅಷ್ಟೂ ದಿನ ಹುಳುವಾಗಿದ್ದಾಗ ತಿಂದ ಎಲೆಯ ಮೇಲೆಯೇ ನಡೆಯಬೇಕು. ಅದಕ್ಕೂ ಮುಂಚೆ ನಾಲ್ಕು ಸಲ ಪೊರೆ ಬಿಟ್ಟಿರುತ್ತದೆ. ರಾಮನಗರದ ಕಡೆ ರೇಷ್ಮೆ ಸಾಕುವವರು ಪೊರೆ ಬಿಡುವುದನ್ನು 'ಜ್ವರ' ಎನ್ನುತ್ತಾರೆ: ಮೊದಲನೇ ಜ್ವರ, ಎರಡನೇ ಜ್ವರ. ಗೂಡಿಗೆ ಬಂದ ಹುಳುವನ್ನು 'ಹಣ್ಣಾಗಿದೆ' ಎನ್ನುತ್ತಾರೆ. ಬೆಳೆಯುವುದೆಂದರೆ ಜ್ವರ ಬಂದು ಬಿಡುವುದು ಎಂದು ತಿಳಿದವರೇ ಈ ಮಾತು ಕಟ್ಟಿರಬೇಕು.

ಇನ್ನು ಆಯುಷ್ಯದ ಲೆಕ್ಕ. ಎಲೆ ತಿಂದದ್ದು ಒಂದೂಕಾಲು ತಿಂಗಳ ಆಸುಪಾಸು. ಹಾರುವುದು ಒಂದು ವಾರ. ಕಾರ್ತಿಕದ ಹೊತ್ತಿಗೆ ಕಟ್ಟಿದ ಗೂಡಿನಲ್ಲಾದರೆ ಅದು ಮಳೆಯವರೆಗೆ, ಆರೇಳು ತಿಂಗಳು, ಉಣ್ಣದೆ, ಕದಲದೆ, ನಮ್ಮ ಬಿಸಿಲಿನಲ್ಲಿ ಕಾಯುತ್ತದೆ. ಬದುಕಿನ ಮುಕ್ಕಾಲು ಪಾಲು ಕತ್ತಲಲ್ಲಿ ಕಾಯುವುದೇ ಆಯಿತು. 'ಪಾಪ, ಒಂದೇ ವಾರದ ಬದುಕು' ಎಂದು ನಾವು ಮರುಗುವುದು ರೆಕ್ಕೆ ಇದ್ದದ್ದನ್ನಷ್ಟೇ ಬದುಕೆಂದು ಎಣಿಸಿ. ಮದುವೆಯ ದಿನಗಳನ್ನಷ್ಟೇ ಸಂಸಾರವೆಂದು ಲೆಕ್ಕ ಹಾಕಿದ ಹಾಗಾಯಿತು. ನನಗನ್ನಿಸುವಂತೆ ಹುಳುವೇ ಆ ಜೀವ. ಪತಂಗ ಅದರ ಬೀಳ್ಕೊಡುಗೆ. ಕಾಕಾ ಅದನ್ನೇ ಹೇಳಿದ್ದು.

ಇದನ್ನು ಹಿಡಿದು ವೇದಾಂತ ಹೇಳುವುದು ಸುಲಭ. ನಾನೂ ಹೇಳಿದ್ದೇನೆ, ಒಮ್ಮೆ, ಹೇಳಬಾರದ ಕಡೆ. 2019ರ ಆಗಸ್ಟಿನಲ್ಲಿ ಕೃಷ್ಣೆ ದಂಡೆಯ ಹಳ್ಳಿಗಳಿಗೆ ನುಗ್ಗಿ ಇಳಿದ ಮೇಲೆ, ಮನೆಯೊಳಗಿನ ರಾಡಿ ಬಳಿಯುತ್ತಿದ್ದ ಒಬ್ಬ ಅವ್ವನ ಮುಂದೆ 'ಯಾವುದೂ ಶಾಶ್ವತ ಅಲ್ಲ ಬಿಡ್ರಿ' ಎಂದುಬಿಟ್ಟೆ. ಆಕೆ ತಲೆಯೆತ್ತಿ ನೋಡಿದಳು. "ಅದು ನನಗ ಗೊತ್ತೈತಿ, ತಮ್ಮಾ. ನೀ ಆ ಬುಟ್ಟಿ ಹಿಡಿ." ನಾಚಿಕೆಯಿಂದ ಹಿಡಿದೆ.

ಅನಿತ್ಯ ಬೇರೆ, ಎಬ್ಬಿಸಿ ಕಳಿಸುವುದು ಬೇರೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿದವು, ಎಷ್ಟೋ ಹಳ್ಳಿಗಳು ಎತ್ತರಕ್ಕೆ ಸರಿದವು. ಈಗ ನೀರಿನ ಮಟ್ಟ 519.60 ಮೀಟರಿನಿಂದ 524.256ಕ್ಕೆ ಏರುವ ಮಾತು. ಅದಕ್ಕೆ ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ದಂಡೆಯ ಮೇಲಿನವರು ಇನ್ನೊಂದು ಕೋಣೆ ಹಾಕಬೇಕೋ ಬೇಡವೋ ಎಂದು ತೂಗುತ್ತ ಕೂತಿದ್ದಾರೆ. ನೀರು ಬೇಡ ಎನ್ನುತ್ತಿಲ್ಲ ನಾನು; ತುಬಚಿ–ಬಬಲೇಶ್ವರ ಏತ ನೀರಾವರಿಯ ಹೆಸರಿನಲ್ಲೇ ನಮ್ಮೂರಿದೆ, ವಿಜಯಪುರದ ಬರಗಾಲದ ಹೊಲಗಳಿಗೆ ಆ ನೀರು ಬೇಕು. ಆದರೆ ತನ್ನ ಹೊತ್ತಿಗೆ ತನ್ನ ಜೊಲ್ಲಿನಿಂದ ಬಾಗಿಲು ತೆರೆದುಕೊಂಡು ಹೋದ ಪತಂಗವನ್ನೂ ಬಿಸಿನೀರಿನಲ್ಲಿ ಗೂಡು ಬಿಚ್ಚಿಸಿಕೊಂಡ ಹುಳುವನ್ನೂ ಒಂದೇ ಅನಿತ್ಯದ ಖಾತೆಗೆ ಬರೆಯುವುದು ಮೋಸ.

ಕೂಡಲಸಂಗಮಕ್ಕೆ ಹೋದಾಗಲೆಲ್ಲ ಇದೇ ತಲೆಯಲ್ಲಿ ಸುಳಿಯುತ್ತದೆ. ಸ್ಥಾವರ ಅಳಿಯುತ್ತದೆಂದು ಸಾರಿದ ಬಸವಣ್ಣನ ಐಕ್ಯಸ್ಥಳದ ಸುತ್ತ, ನೀರು ಬಾರದಂತೆ, ಬಾವಿಯ ಹಾಗೆ ಗೋಡೆ ಕಟ್ಟಿದ್ದಾರೆ. ಮೆಟ್ಟಿಲಿಳಿದು ಹೋಗಬೇಕು, ಹೊಳೆ ಗೋಡೆಯಾಚೆ. ಮೊದಲ ಸಲ ನಗು ಬಂದಿತ್ತು. ಈಗ ಬರುವುದಿಲ್ಲ. ಅಳಿಯುವುದೆಂದು ಗೊತ್ತಿದ್ದೂ ಗಟ್ಟಿಯಾಗಿ ಕಟ್ಟುವುದನ್ನು ಬಾರಿಗಿಡದ ಹುಳುವೂ ಮಾಡುತ್ತದೆ.

ಬೇಲಿಯ ಗೂಡಿನ ಕಥೆ ಹೇಳಿ ಮುಗಿಸುತ್ತೇನೆ. ಮೃಗಶಿರಾ ಮಳೆ ಎರಡು ಸಲ ಹದವಾಗಿ ಬಿದ್ದಿತ್ತು. ಒಂದು ಸಂಜೆ ಒಣಮುಳ್ಳಿನ ಮೇಲೆ ಅಂಗೈಗಿಂತ ದೊಡ್ಡ ಕಂದು ಪತಂಗ ಕೂತಿತ್ತು, ಒದ್ದೆ ರೆಕ್ಕೆಗಳನ್ನು ಜೋತುಬಿಟ್ಟು. ನಾಲ್ಕೂ ರೆಕ್ಕೆಯಲ್ಲಿ ಒಂದೊಂದು ಗಾಜಿನಂಥ ಕಿಂಡಿ; ಅದರಾಚೆ ಮುಳ್ಳು ಕಾಣುತ್ತಿತ್ತು. ಮೀಸೆ ಗರಿಯ ಹಾಗೆ ಅಗಲವಾಗಿತ್ತು, ಅಂದರೆ ಗಂಡು. ಬೆಳಿಗ್ಗೆ ಇರಲಿಲ್ಲ. ಆ ಬೇಲಿಯನ್ನು ಮುಂದೆ ಗೆದ್ದಲು ತಿಂದಿತು. ಕೊಂಬೆ ಪುಡಿಯಾದರೂ ರೇಷ್ಮೆಯ ಉಂಗುರ ಹಾಗೇ ಇತ್ತು, ಏನನ್ನೂ ಹಿಡಿಯದೆ.

ಈಗ ನಮ್ಮ ಒಡ್ಡುಗಳ ಮೇಲೆ ಬಾರಿ ಕಡಿಮೆ. ಕಬ್ಬು ಒಡ್ಡಿನ ಅಂಚಿನವರೆಗೆ ಬಂದಿದೆ, ಬೇಲಿಗೆ ತಂತಿ ಬಂದಿದೆ. ಇನ್ನೂ ಬಾರಿ ಉಳಿಸಿಕೊಂಡವರು ಓದುತ್ತಿದ್ದರೆ ಒಂದು ಕೇಳಿಕೆ: ಈ ಮಾಘ ಮುಗಿದು ಕಡಿಯುವಾಗ ಗೂಡು ಜೋತ ಕೊಂಬೆ ಸಿಕ್ಕರೆ ಒಲೆಗೆ ಹಾಕಬೇಡಿ. ಬೇಲಿಯ ಮೇಲ್ಗಡೆ, ರೆಕ್ಕೆ ಬಿಚ್ಚಲು ಜಾಗ ಬಿಟ್ಟು, ಸಿಕ್ಕಿಸಿಡಿ. ಮೃಗಶಿರಾ ಮಳೆಯವರೆಗೆ ಸಾಕು.